ಕಡಿಮೆ ದುಡ್ಡಿನ ಮದುವೆ: ನಾವು ಕತ್ತರಿ ಹಾಕಿದ್ದು ಎಲ್ಲಿಗೆ

ಮದುವೆ ಖರ್ಚು ಇಳಿಸಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ಮೊದಲು ಹೂವಿನ ಮೇಲೆ ಬೀಳುತ್ತದೆ. ನಾವೂ ಹಾಗೇ ಶುರು ಮಾಡಿದೆವು. ಎರಡು ವಾರ ಹೂವು, ಕಾರ್ಡು, ಫೋಟೋ ಅಂತ ಅಲ್ಲಿಷ್ಟು ಇಲ್ಲಿಷ್ಟು ಕಡಿಮೆ ಮಾಡಿ ಕೂಡಿಸಿ ನೋಡಿದರೆ ಒಟ್ಟು ಮೊತ್ತ ಜಗ್ಗಲೇ ಇಲ್ಲ. ಒಂದು ಸಂಜೆ ಕೂತು ಖರ್ಚನ್ನೆಲ್ಲ ಎರಡು ಭಾಗ ಮಾಡಿ ಬರೆದೆ. ಜನ ಹೆಚ್ಚಾದ ಹಾಗೆ ಹೆಚ್ಚಾಗುವುದು ಒಂದು ಕಡೆ: ಊಟ, ಕುರ್ಚಿ, ಮೇಜು, ಬಡಿಸುವವರು, ಹಾಲ್‌ನ ಅಳತೆ. ಎಷ್ಟೇ ಜನ ಬಂದರೂ ಅಷ್ಟೇ ಇರುವುದು ಇನ್ನೊಂದು ಕಡೆ: ನಮ್ಮಿಬ್ಬರ ಬಟ್ಟೆ, ಫೋಟೋ, ಮೈಕು. ಮೊದಲನೇ ಕಡೆ ಪುಟ ತುಂಬಿಹೋಯಿತು. ಕತ್ತರಿ ಬೀಳಬೇಕಾದದ್ದು ಕರೆಯುವವರ ಪಟ್ಟಿಗೆ ಅಂತ ಆಗ ಗೊತ್ತಾಯಿತು.

ಪಟ್ಟಿಯಲ್ಲಿ 340 ಹೆಸರಿದ್ದವು. ಅಮ್ಮನಿಗೆ ಒಂದು ಹೆಸರು ಹೊಡೆದರೂ ಸಂಕಟ. "ಅವರು ನಮ್ಮನ್ನ ಕರೆದಿದ್ದರು ಕಣೇ" ಅನ್ನುವ ಒಂದು ಮಾತಿಗೆ ಹತ್ತು ಹೆಸರು ವಾಪಸ್ ಬರುತ್ತಿದ್ದವು. ಕೊನೆಗೆ ಒಂದೇ ಪ್ರಶ್ನೆ ಇಟ್ಟುಕೊಂಡೆವು: ಇವರು ಬರದಿದ್ದರೆ ಅವತ್ತು ನಮಗೆ ಗೊತ್ತಾಗುತ್ತದಾ? ಗೊತ್ತಾಗುವುದಿಲ್ಲ ಅಂದರೆ ಹೆಸರು ಹೊಡೆಯುವುದು. ಮೂರು ಸಲ ಜಗಳ ಆಡಿ 120ಕ್ಕೆ ಬಂದೆವು. ಬಿಟ್ಟವರಲ್ಲಿ ಬೇಜಾರಾಗಬಹುದಾದವರಿಗೆ ಅಮ್ಮನೇ ಮುಂಚೆ ಫೋನ್ ಮಾಡಿ, ಚಿಕ್ಕದಾಗಿ ಮಾಡುತ್ತಿದ್ದೇವೆ ಅಂತ ಹೇಳಿದರು. ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ ಬಿಡಿ.

ಜನ ಕಡಿಮೆಯಾದ ಮೇಲೆ ಜಾಗವೂ ಚಿಕ್ಕದೇ ಇರಬೇಕು. ದೊಡ್ಡ ಹಾಲ್‌ನಲ್ಲಿ 120 ಜನ ಕೂತರೆ ಯಾರೂ ಬಂದಿಲ್ಲವೇನೋ ಅನ್ನಿಸುತ್ತದೆ, ಆ ಖಾಲಿ ಜಾಗ ಮುಚ್ಚುವುದಕ್ಕೇ ಅಲಂಕಾರದ ದುಡ್ಡೆಲ್ಲ ಹೋಗುತ್ತದೆ.

ಇನ್ನು ಬೆಳಕು. ಇದರ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಹಾಲ್ ನೋಡಲು ಹೋದಾಗ ಚಾವಣಿ ತುಂಬಾ ಬಿಳಿ ಟ್ಯೂಬ್‌ಲೈಟು, ಅಂಚಿನಲ್ಲಿ ಹಳದಿ ಬಲ್ಬು. ನನ್ನ ಫೋನಿನಲ್ಲೇ ಫೋಟೋ ತೆಗೆದು ನೋಡಿದೆ: ಮುಖದ ಒಂದು ಭಾಗ ನೀಲಿ, ಇನ್ನೊಂದು ಕಿತ್ತಳೆ. ಕ್ಯಾಮೆರಾ ಒಂದು ಸಲಕ್ಕೆ ಒಂದು ಬಗೆಯ ಬೆಳಕಿಗೆ ಮಾತ್ರ ಬಣ್ಣ ಸರಿ ಮಾಡಿಕೊಳ್ಳುತ್ತದೆ, ಎರಡು ಬಗೆ ಬೆರೆತರೆ ಯಾವುದಾದರೂ ಒಂದು ಕೆಡಲೇಬೇಕು. ಹಾಗಾಗಿ ಟ್ಯೂಬ್‌ಲೈಟೆಲ್ಲ ಆಫ್ ಮಾಡಿಸಿ, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತ ಬರೆದಿರುವ ಬೆಚ್ಚಗಿನ ಹಳದಿ ಬಣ್ಣದ ಬಲ್ಬುಗಳನ್ನು ಬಾಡಿಗೆಗೆ ತಂದು ಗೋಡೆಯುದ್ದಕ್ಕೂ ಇಳಿಬಿಟ್ಟೆವು. ಹಳೇ ಬಣ್ಣದ ಗೋಡೆಯೂ ಚೆನ್ನಾಗಿ ಕಂಡಿತು. ಇಡೀ ಅಲಂಕಾರದಲ್ಲಿ ಕೊಟ್ಟ ದುಡ್ಡಿಗೆ ಮೋಸ ಆಗದ ಬಾಬ್ತು ಅಂದರೆ ಇದೇ.

ಬಟ್ಟೆ, ಹೂವು ಎರಡಕ್ಕೂ ಒಂದೊಂದೇ ಬಣ್ಣ. ಮೇಜಿನ ಬಟ್ಟೆ ತೀರಾ ಸಾದಾ ಇತ್ತು, ಆದರೆ ಹಿಂದಿನ ದಿನ ಅತ್ತೆ, ನಾನು ಕೂತು ಪ್ರತಿಯೊಂದನ್ನೂ ಇಸ್ತ್ರಿ ಮಾಡಿದೆವು. ಸುಕ್ಕಿದ್ದರೆ ಎಷ್ಟು ಒಳ್ಳೆ ಬಟ್ಟೆಯಾದರೂ ಅಗ್ಗದ್ದೇ ಅನ್ನಿಸುತ್ತದೆ, ನೋಡಿ ಬೇಕಾದರೆ. ಹೂವು ಎರಡೇ ಕಡೆ, ಬಾಗಿಲಲ್ಲಿ ಮತ್ತು ನಮ್ಮ ಹಿಂದೆ. ಮಿಕ್ಕ ಕಡೆ ಬರೀ ಹಸಿರೆಲೆ. ಹೂವು ಹಿಂದಿನ ದಿನವೇ ತಂದು, ಕಾಂಡದ ತುದಿ ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ಕಿತ್ತು ತಣ್ಣಗಿನ ಕೋಣೆಯಲ್ಲಿಟ್ಟೆವು. ಹಣ್ಣಿನ ಬುಟ್ಟಿ ಮಾತ್ರ ಆ ಕೋಣೆಯಲ್ಲಿ ಇರಬಾರದು, ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಬಾಡುತ್ತದೆ.

ಕಾರ್ಡು ಮನೆಗೊಂದು, ಒಟ್ಟು 45. ಒಂದು ಎ4 ಹಾಳೆಯಲ್ಲಿ ನಾಲ್ಕು ಎ6 ಕಾರ್ಡು ಬರುತ್ತವೆ, ಹಾಗಾಗಿ ದಪ್ಪ ಕಾಗದದ 12 ಹಾಳೆ ಸಾಕಾಯಿತು. ಕಪ್ಪು ಶಾಯಿ ಮಾತ್ರ.

ಫೋಟೋದವರನ್ನು ಇಡೀ ದಿನದ ಬದಲು 4 ಗಂಟೆಗಳ ಮಟ್ಟಿಗೆ ಮಾತ್ರ ಕರೆದೆವು. ಗುಂಪು ಫೋಟೋ 12 ಅಂತ ಮೊದಲೇ ಬರೆದುಕೊಂಡು, ಒಂದಕ್ಕೆ 3 ನಿಮಿಷ ಇಟ್ಟುಕೊಂಡರೂ 36 ನಿಮಿಷದಲ್ಲಿ ಮುಗಿಯಬೇಕಿತ್ತು. ಒಂದು ಗಂಟೆ ಹಿಡಿಯಿತು, ಯಾಕೆಂದರೆ ಚಿಕ್ಕಪ್ಪ ಪ್ರತಿ ಸಲವೂ ಕಾಣೆ. ಎರಡೂ ಮನೆಯವರ ಮುಖ ಗೊತ್ತಿರುವ ಒಬ್ಬರನ್ನು ಜನರನ್ನು ಕರೆತರುವುದಕ್ಕೆ ಅಂತಲೇ ನಿಲ್ಲಿಸಬೇಕಿತ್ತು.

ಬಜೆಟ್ಟಿನ ಶೇ. 10ರಷ್ಟು ಮುಟ್ಟದೆ ಇಟ್ಟಿದ್ದೆವು. ಅದರಲ್ಲಿ ದೊಡ್ಡ ಪಾಲು ಹಾಲ್‌ನವರಿಗೇ ಹೋಯಿತು. ನಾನು ಕಾರ್ಯಕ್ರಮದ ಹೊತ್ತು ಮಾತ್ರ ಲೆಕ್ಕ ಹಾಕಿದ್ದೆ, ಅವರು ಸಾಮಾನು ಬಿಚ್ಚಿ ಹೊರಗೆ ಸಾಗಿಸುವ ಹೊತ್ತನ್ನೂ ಬಾಡಿಗೆಗೆ ಸೇರಿಸಿದ್ದರು. ಕರಾರಿನಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಕೈಯಾರೆ ಮಾಡಿದರೆ ಉಳಿತಾಯ ಅಂತ ಬಂದವರಿಗೆ ಕೊಡಲು 120 ಪುಟ್ಟ ಕಾಗದದ ಚೀಲ ಮಾಡಲು ಹೊರಟೆ. ಕಾಗದ, ಅಂಟು, ದಾರ ಎಲ್ಲ ಸೇರಿ ಸಿದ್ಧ ಚೀಲಕ್ಕಿಂತ ಜಾಸ್ತಿಯೇ ಆಯಿತು. ಮದುವೆಯ ಹಿಂದಿನ ರಾತ್ರಿ 2 ಗಂಟೆವರೆಗೆ ಅಂಟಿಸುತ್ತಾ ಕೂತಿದ್ದೆ. ಅಷ್ಟು ಚೆಂದದ ಬೆಳಕಿನಲ್ಲೂ ಫೋಟೋಗಳಲ್ಲಿ ನನ್ನ ಕಣ್ಣಿನ ಕೆಳಗೆ ಕಪ್ಪು ಕಾಣುತ್ತದೆ. 40 ಚೀಲ ಇನ್ನೂ ಬೀರುವಿನಲ್ಲಿವೆ.