ಗೋಲ್ಯಾಂಗ್ ಆ್ಯಪನ್ನ ಡಾಕರ್ ಒಳಗೆ ಬಿಲ್ಡ್ ಮಾಡಿ ಓಡಿಸೋದು ಹೇಗೆ

ಗೋಲ್ಯಾಂಗಲ್ಲಿ, ಅಂದ್ರೆ ಗೋ ಭಾಷೇಲಿ, ಒಂದು ಸಣ್ಣ ವೆಬ್ ಸರ್ವರ್ ಬರ್ದಿದೀರ, ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡ್ತಿದೆ, ಈಗ ಡಾಕರ್ ಕಂಟೇನರ್‌ಗೆ (ಆ್ಯಪೂ ಅದು ಓಡೋಕೆ ಬೇಕಾದ್ದೂ ಒಟ್ಟಿಗೇ ಇರೋ ಪ್ರತ್ಯೇಕ ಡಬ್ಬಿ) ಹಾಕ್ಬೇಕು ಅಂತಿಟ್ಕೊಳಿ. ಬಿಲ್ಡ್ ಮಾಡೋಕೆ ಬೇಕಾದ ಸಾಮಾನೇ ಬೇರೆ, ಓಡೋಕೆ ಬೇಕಾದ್ದೇ ಬೇರೆ. ಮನೆ ಕಟ್ಟಿ ಮುಗಿದ್ಮೇಲೆ ಸಾರ್ವೆ ಬಿಚ್ತೀವಲ್ಲ, ಹಾಗೇ ಕಂಪೈಲರ್ನೂ ಹಿಂದೆ ಬಿಟ್ಟು ಬರ್ಬೇಕು. ಇದಕ್ಕೇ 2017ರಲ್ಲಿ, ಡಾಕರ್ 17.05ರಲ್ಲಿ, ಮಲ್ಟಿಸ್ಟೇಜ್ ಬಿಲ್ಡ್ ಬಂದಿದ್ದು. ಒಂದೇ ಡಾಕರ್‌ಫೈಲಲ್ಲಿ (ಬಿಲ್ಡ್ ಸೂಚನೆಗಳ ಫೈಲ್) ಎರಡು ಫ್ರಮ್ ಸಾಲು, ಅಷ್ಟೇ. ಯಾವ ಇಮೇಜ್, ಅಂದ್ರೆ ಸಿದ್ಧ ಅಚ್ಚು, ಅದರ ಮೇಲೆ ಕಟ್ಟೋದು ಅಂತ ಫ್ರಮ್ ಹೇಳತ್ತೆ.

ಮೊದಲ್ನೇ ಫ್ರಮ್‌ಗೆ ಗೋಲ್ಯಾಂಗ್ ಇಮೇಜ್ ಕೊಟ್ಟು ಬಿಲ್ಡರ್ ಅಂತ ಹೆಸರಿಡಿ, ವರ್ಕ್‌ಡೈರ್ (ಕೆಲಸದ ಫೋಲ್ಡರ್) ಹಾಕಿ, ಗೋ ಡಾಟ್ ಮಾಡ್ ಮತ್ತೆ ಗೋ ಡಾಟ್ ಸಮ್ (ಆ್ಯಪ್‌ಗೆ ಬೇಕಾದ ಪ್ಯಾಕೇಜ್‌ಗಳ ವಿವರ ಇರೋದು) ಈ ಎರಡು ಫೈಲ್ ಮಾತ್ರ ಕಾಪಿ ಮಾಡಿ ಗೋ ಮಾಡ್ ಡೌನ್‌ಲೋಡ್ ರನ್ ಮಾಡಿ, ಅದಾದ್ಮೇಲೇ ಉಳಿದ ಸೋರ್ಸ್ ಕೋಡ್. ಈ ಆರ್ಡರ್ ದಯವಿಟ್ಟು ತಪ್ಪಿಸ್ಬೇಡಿ, ಡಾಕರ್ ಪ್ರತಿ ಸಾಲಿನ ಫಲಿತಾಂಶಾನೂ ಕ್ಯಾಶಲ್ಲಿ ಇಟ್ಕೊಂಡಿರತ್ತೆ, ಮೇಲಿಂದು ಬದಲಾದ್ರೆ ಅದರ ಕೆಳಗಿಂದೆಲ್ಲ ಮತ್ತೆ ಮೊದ್ಲಿಂದ, ಹಾಗಾಗಿ ಎಲ್ಲಾನೂ ಒಟ್ಟಿಗೇ ಕಾಪಿ ಮಾಡಿದ್ರೆ ಒಂದು ಕಾಮೆಂಟ್ ತಿದ್ದಿದ್ರೂ ಪ್ಯಾಕೇಜೆಲ್ಲ ಇನ್ನೊಂದ್ಸಲ ಡೌನ್‌ಲೋಡ್.

ಆಮೇಲೆ ಗೋ ಬಿಲ್ಡ್. ಎರಡನೇ ಫ್ರಮ್‌ಗೆ ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್ ಇಮೇಜ್ ಕೊಟ್ಟು, ಬಿಲ್ಡರಿಂದ ಆ ಒಂದೇ ಒಂದು ಬೈನರಿ (ಬಿಲ್ಡ್ ಆಗಿ ಬಂದ, ಓಡೋ ಫೈಲ್) ಕಾಪಿ ಮಾಡ್ಕೊಳಿ. ಗೋಲ್ಯಾಂಗ್ ಇಮೇಜ್ ನೂರಾರು ಎಂಬಿ ಇರತ್ತೆ, ಆಲ್ಪೈನ್ 10 ಎಂಬಿ ಒಳಗೇ.

ಇಲ್ಲೇ ನಾನು ಒಂದಿಡೀ ಮಧ್ಯಾಹ್ನ ಒದ್ದಾಡಿದ್ದು. ಬಿಲ್ಡ್ ಸಲೀಸಾಗಿ ಆಯ್ತು, ರನ್ ಮಾಡಿದ್ರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಒಳಗೆ ಹೋಗಿ ಎಲ್ಎಸ್ ಹೊಡೆದ್ರೆ ಬೈನರಿ ಕಣ್ಮುಂದೇನೇ ಇದೆ! ವಿಷಯ ಏನಂದ್ರೆ, ಇಲ್ಲ ಅಂತಿರೋದು ನಮ್ಮ ಫೈಲಲ್ಲ, ಅದನ್ನ ಲೋಡ್ ಮಾಡೋ ಡೈನಾಮಿಕ್ ಲೋಡರ್. ಗೋಲ್ಯಾಂಗಿನ ಮಾಮೂಲಿ ಇಮೇಜ್ ಡೆಬಿಯನ್ ಅನ್ನೋ ಲಿನಕ್ಸ್ ಮೇಲಿರೋದು, ಅಲ್ಲಿ ನೆಟ್ ಪ್ಯಾಕೇಜ್ ಬಳಸೋ ಆ್ಯಪ್ ಜಿಲಿಬ್‌ಸಿ ಅನ್ನೋ ಸಿ ಲೈಬ್ರರಿಗೆ ಲಿಂಕ್ ಆಗತ್ತೆ, ಆಲ್ಪೈನಲ್ಲಿ ಇರೋದು ಮಸಲ್ ಅನ್ನೋ ಬೇರೆ ಸಿ ಲೈಬ್ರರಿ. ಗೋ ಬಿಲ್ಡ್‌ಗೆ ಮುಂಚೆ ಸಿ-ಗೋ ಎನೇಬಲ್ಡ್ (CGO_ENABLED) ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 0 ಕೊಡಿ, ಬೇಕಾದ್ದೆಲ್ಲ ಒಳಗೇ ಇರೋ ಸ್ಟ್ಯಾಟಿಕ್ ಬೈನರಿ ಬರತ್ತೆ, ಯಾವ ಲೋಡರೂ ಬೇಡ. ಸಿ ಲೈಬ್ರರಿ ಬೇಕೇ ಬೇಕು ಅನ್ನೋ ಪ್ಯಾಕೇಜ್ ಇದ್ರೆ ಮಾತ್ರ ಆಲ್ಪೈನ್ ಬಿಟ್ಟು, ಬಿಲ್ಡರಲ್ಲಿರೋ ವರ್ಷನ್ನಿನದೇ ಡೆಬಿಯನ್ ಸ್ಲಿಮ್ (ಸಣ್ಣ ಮಾಡಿದ ಡೆಬಿಯನ್ ಇಮೇಜ್) ತಗೊಳಿ.

ಕೋಡಲ್ಲಿ ಏಷ್ಯಾ/ಕೋಲ್ಕತಾ ಟೈಮ್‌ಝೋನ್ ಲೋಡ್ ಮಾಡ್ತಿದ್ರೆ ಟಿಝಡ್‌ಡೇಟಾ ಪ್ಯಾಕೇಜ್ ಸೇರಿಸಿ, ಆಲ್ಪೈನಲ್ಲಿ ಅದು ಇರಲ್ಲ.

ಓಡಿಸೋವಾಗ ಪೋರ್ಟ್. ಡಾಕರ್‌ಫೈಲಲ್ಲಿ ಎಕ್ಸ್‌ಪೋಸ್ ಅಂತ ಬರೆದ್ರೆ ಸಾಲಲ್ಲ, ಡಾಕರ್ ರನ್ ಜೊತೆ -ಪಿ 8080:8080 ಕೊಡ್ಲೇಬೇಕು, ಎಡಗಡೆದು ನಿಮ್ಮ ಮಷೀನ್, ಬಲಗಡೆದು ಕಂಟೇನರ್. ಆದ್ರೂ ಬ್ರೌಸರಲ್ಲಿ ಏನೂ ಬರ್ತಿಲ್ವಾ, ಸರ್ವರ್ 127.0.0.1 ಮೇಲೆ ಕೇಳ್ತಿದೆಯಾ ನೋಡಿ. ಅದು ಕಂಟೇನರ್ ಒಳಗಿನ ಲೋಕಲ್‌ಹೋಸ್ಟ್, ಹೊರಗಿಂದ ಸಿಗಲ್ಲ, 0.0.0.0 ಮಾಡಿ.

ಎಂ ಸೀರೀಸ್ ಮ್ಯಾಕಲ್ಲಿ ಬಿಲ್ಡ್ ಮಾಡಿ ಇಂಟೆಲ್ ಸರ್ವರ್‌ಗೆ ಕಳಿಸೋರು (ಎರಡರ ಪ್ರೊಸೆಸರ್ ಬಗೆಯೇ ಬೇರೆ), ಬಿಲ್ಡ್ ಮಾಡೋವಾಗ್ಲೇ ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64 ಅಂತ ಕೊಟ್ಬಿಡಿ, ಇಲ್ಲಾಂದ್ರೆ ಅಲ್ಲಿ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರತ್ತೆ.