ಕುದಿಸಿದರೂ ಹೋಗದ ನಂಜು

ಬೆಳಗಾವಿಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾಗ ಖೋವಾ ಮಾಡುವ ಕಾಕಾ ಒಬ್ಬರು ಕೇಳಿದ್ದರು: "ಅಕ್ಕಾರ, ಬ್ಯಾಸಿಗ್ಯಾಗ ಒಂದ ದಿನಾನೂ ತಡ್ಯಂಗಿಲ್ಲ. ಹಾಕಾಕ ಏನರ ಪೌಡರ್ ಐತೇನ್ರಿ?" ಕೇಳುತ್ತಲೇ ಬರಿಗೈಯಲ್ಲಿ ಉಂಡೆ ಕಟ್ಟುತ್ತಿದ್ದರು. ಹೆಬ್ಬೆರಳಿನ ಬ್ಯಾಂಡೇಜ್ ಒದ್ದೆಯಾಗಿ ಹಳದಿ ತಿರುಗಿತ್ತು. ಒಂದು ಹಿಡಿ ಸ್ಯಾಂಪಲ್ ತಂದೆ.

ಅದನ್ನು ಬೈರ್ಡ್-ಪಾರ್ಕರ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಮೇಲೆ ಹರಡಿ 37 ಡಿಗ್ರಿಯಲ್ಲಿ 48 ಗಂಟೆ ಇಟ್ಟೆ. ಹೊಳೆಯುವ ಕಪ್ಪು ಚುಕ್ಕೆಗಳು, ಸುತ್ತ ತಿಳಿಯಾದ ಉಂಗುರ. ಒಂದು ಚುಕ್ಕೆಯನ್ನು ಮೊಲದ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗ) ಸೇರಿಸಿದಾಗ ಟ್ಯೂಬ್ ಮೊಸರಿನ ಹಾಗೆ ಹೆಪ್ಪುಗಟ್ಟಿತು. ಗಾಯದ ಕೀವಿನಲ್ಲೂ ಇರುವ ಬ್ಯಾಕ್ಟೀರಿಯಾ, ಸ್ಟಾಫಿಲೋಕಾಕಸ್ ಆರಿಯಸ್! ಜನರಿಗೆ ವಾಂತಿ ಬರಿಸುವುದು ಇದು ಆಹಾರದಲ್ಲಿ ಬಿಡುವ ಎಂಟರೋಟಾಕ್ಸಿನ್ ಎಂಬ ನಂಜು.

ಮೊದಲು ಪೊಟ್ಯಾಸಿಯಂ ಸಾರ್ಬೇಟ್ ಎಂಬ, ಆಹಾರ ಕೆಡದಂತೆ ಹಾಕುವ ಪೌಡರ್ ಹಾಕಿ ನೋಡಿದೆ. ಕೆಲವು ಗಂಟೆ ಬೆಳವಣಿಗೆ ತಡವಾಯಿತು, ಅಷ್ಟೇ. ಮರುದಿನ ಸಾರ್ಬೇಟ್ ಇಲ್ಲದ ಖೋವಾಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಪ್ರಮಾಣ ಸಾಲಲಿಲ್ಲವೇನೋ ಅಂತ ಒಂದು ವಾರ ಸುಮ್ನೆ ಹಾಳು ಮಾಡಿದೆ. ಪಿ.ಎಚ್. (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಜಾಸ್ತಿ) ನೋಡೇ ಇರಲಿಲ್ಲ! ನನ್ನ ಖೋವಾದ್ದು 6.3. ಸಾರ್ಬೇಟ್ ಕೆಲಸ ಮಾಡುವುದು ಮುಖ್ಯವಾಗಿ ಆಮ್ಲದ ರೂಪದಲ್ಲಿದ್ದಾಗ. 6.3ರಲ್ಲಿ ಅದರ ಸುಮಾರು 3% ಮಾತ್ರ ಆ ರೂಪದಲ್ಲಿರುತ್ತದೆ, 5ಕ್ಕೆ ಇಳಿಸಿದರೆ 36%. ಆದರೆ ಹುಳಿ ಖೋವಾ ಯಾರು ತಿಂತಾರೆ? ಪೇಡಾ ತಡೆಯುವುದು ಸಕ್ಕರೆಯಿಂದ. ಅದು ನೀರನ್ನು ಬ್ಯಾಕ್ಟೀರಿಯಾಕ್ಕೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಸಪ್ಪೆ ಖೋವಾಕ್ಕೆ ಆ ಆಸರೆಯೂ ಇಲ್ಲ.

ಆಮ್ಲದ ವಿಷಯ ಮಾತ್ರ ತಲೆಯಿಂದ ಹೋಗಲಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ (ಬ್ರಾತ್) ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಸ್ವಲ್ಪವೇ ಹಾಕಿ ಪಿ.ಎಚ್. 6ಕ್ಕೆ ತಂದೆ. ಬ್ಯಾಕ್ಟೀರಿಯಾ ನಿಧಾನವಾದವು. ಖುಷಿಯಾಯಿತು. ಆಮೇಲೆ ಎಲೈಜಾ (ನಂಜು ಹೆಚ್ಚಿದ್ದಷ್ಟೂ ಗಾಢ ಹಳದಿಯಾಗುವ ಪರೀಕ್ಷೆ) ಮಾಡಿದರೆ ಹುಳಿ ಹಾಕಿದ ಟ್ಯೂಬಿನದೇ ಗಾಢ ಹಳದಿ. ಬ್ಯಾಕ್ಟೀರಿಯಾ ಕಡಿಮೆ, ನಂಜು ಜಾಸ್ತಿ! ಸ್ಯಾಂಪಲ್ ಅದಲುಬದಲಾಗಿದೆ ಅಂದುಕೊಂಡು ಮತ್ತೆ ಮಾಡಿದೆ. ಕಿಟ್ ದುಬಾರಿ, ಗೈಡ್ ಮುಖ ಗಂಟಿಕ್ಕಿದರು. ಉತ್ತರ ಅದೇ ಬಂತು.

ಕಾರಣ ಗೊತ್ತಾದಾಗ ನಿಜಕ್ಕೂ ಮಜಾ ಅನಿಸಿತು. ಎ ಮಾದರಿಯ ನಂಜಿನ ಜೀನ್ ಇರುವುದು ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಮಲಗಿರುವ ಒಂದು ವೈರಸ್ಸಿನಲ್ಲಿ. ಹುಳಿಯ ಕಾಟ ತಟ್ಟಿದಾಗ ವೈರಸ್ ಎಚ್ಚರಾಗುತ್ತದೆ, ಜೊತೆಗೆ ನಂಜಿನ ಜೀನೂ. ಪಿ.ಎಚ್. 5ಕ್ಕೆ ಇಳಿಸಿದ ಮೇಲೆ ಬ್ಯಾಕ್ಟೀರಿಯಾ, ನಂಜು ಎರಡೂ ತಗ್ಗಿದವು. ಅರೆಬರೆ ಹುಳಿಯೇ ಅಪಾಯ, ಅಲ್ವಾ?

ಇದನ್ನೆಲ್ಲ ಹೇಳಿದಾಗ ಕಾಕಾ, "ಹಂಗಾರ ಇನ್ನೊಮ್ಮೆ ಕುದಿಸಿದ್ರ ಆತಲ್ರಿ" ಎಂದರು. ಅದನ್ನೂ ಮಾಡಿದೆ. ನಂಜು ಬಂದ ಖೋವಾವನ್ನು ನೀರಲ್ಲಿ ಕದಡಿ 10 ನಿಮಿಷ ಕುದಿಸಿದೆ. ಅಗಾರ್ ಪ್ಲೇಟ್ ಪೂರ್ತಿ ಖಾಲಿ, ಒಂದು ಬ್ಯಾಕ್ಟೀರಿಯಾವೂ ಬೆಳೆಯಲಿಲ್ಲ. ಎಲೈಜಾ ಮಾತ್ರ ಹಳದಿಯೇ. ಎರಡರ ಫೋಟೋವನ್ನೂ ಫೋನಿನಲ್ಲಿ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು, ಆಮೇಲೆ ತಮ್ಮ ಹೆಬ್ಬೆರಳು ನೋಡಿಕೊಂಡರು.

ಮುಂದಿನ ವಾರ ಹೋದಾಗ ಬಾಣಲೆ ಹತ್ತಿರ ಅವರ ತಮ್ಮ ಇದ್ದ. ಕಾಕಾ ಗಲ್ಲಾದ ಮೇಲೆ ಕೂತು ಚಿಲ್ಲರೆ ಎಣಿಸುತ್ತಿದ್ದರು.