ಮಕ್ಕಳ ಜೊತೆ ಹಿರೇಬೆಣಕಲ್‌ನ ಮೋರ್ಯರ ಗುಡ್ಡ ನೋಡುವುದು ಹೇಗೆ

ಗುಡ್ಡದ ಮೇಲೆ ಅಂಗಡಿ ಇಲ್ಲ, ನಲ್ಲಿ ಇಲ್ಲ, ಶೌಚಾಲಯ ಇಲ್ಲ. ಇರುವುದು ಕ್ರಿ.ಪೂ. 800ರಿಂದ 200ರ ನಡುವೆ ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ ಸುಮಾರು 400 ಕಲ್ಲಿನ ರಚನೆಗಳು. 2021ರಲ್ಲಿ ಇದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಹಂಪಿ ನೋಡಿದಂತೆ ಹತ್ತು ಗಂಟೆಗೆ ಹೊರಟು ಬಂದರೆ ನೀವು ನೋಡುವುದು ಬಿಸಿಲನ್ನು ಮಾತ್ರ.

ಊರು ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿದೆ. ಹೊಸಪೇಟೆಯಿಂದ ಬರುವವರಿಗೆ ಸುಮಾರು 35 ಕಿ.ಮೀ. ಹಿಂದಿನ ರಾತ್ರಿ ಗಂಗಾವತಿಯಲ್ಲೇ ಉಳಿದು, ಬೆಳಗಿನ ಆರೂವರೆಗೆ ಗುಡ್ಡದ ಬುಡದಲ್ಲಿರಿ. ಸ್ವಂತ ಗಾಡಿ ಅಥವಾ ಆಟೊ ಬೇಕು, ಅಷ್ಟು ಹೊತ್ತಿಗೆ ಬಸ್ಸು ನಂಬಿ ಕೂರುವಂತಿಲ್ಲ. ಮಕ್ಕಳ ನಡಿಗೆಯಲ್ಲಿ ಮೇಲೇರಲು ಒಂದೂವರೆ ಗಂಟೆ, ನೋಡಲು ಎರಡು ಗಂಟೆ ಎಂದುಕೊಳ್ಳಿ. ಹನ್ನೊಂದರೊಳಗೆ ಇಳಿಯಲು ಶುರು ಮಾಡಬೇಕು, ಏಕೆಂದರೆ ಆ ಹೊತ್ತಿಗೆ ಹಾಸುಬಂಡೆ ಹೆಂಚಿನಂತೆ ಕಾಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಬೇಡವೇ ಬೇಡ. ಮಳೆ ಬಿದ್ದ ಮರುದಿನವೂ ಬೇಡ, ಪಾಚಿ ಹಿಡಿದ ಬಂಡೆ ಜಾರುತ್ತದೆ.

ದಾರಿ ಅಲ್ಲಲ್ಲಿ ಕವಲೊಡೆಯುತ್ತದೆ. ಕುರಿ ಹೋದ ದಾರಿಯೂ ಜನ ಹೋದ ದಾರಿಯಂತೆಯೇ ಕಾಣುವುದರಿಂದ ಮೊದಲ ಸಲ ಬರುವವರು ಅಲ್ಲೇ ದಾರಿ ತಪ್ಪುತ್ತಾರೆ. ಗುಡ್ಡ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿ. ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಮಸುಕಿನಲ್ಲಿ ಹತ್ತದಿರಲು, ಸಂಜೆ ಅಲ್ಲಿ ಉಳಿಯದಿರಲು ಇದೇ ಕಾರಣ.

ತಲೆಗೆ ಎರಡು ಲೀಟರ್ ನೀರು, ಸಣ್ಣವರಿಗೆ ಒಂದು ಲೀಟರ್. ಮೇಲೆ ಒಂದು ಕೆರೆ ಇದೆ ನಿಜ, ಆದರೆ ಅದು ಕುಡಿಯುವ ನೀರಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು ಸಾಕು. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ. ಮುಳ್ಳು ಜಾಸ್ತಿ, ಉದ್ದ ಪ್ಯಾಂಟ್ ಇರಲಿ. ಐದು ವರ್ಷದೊಳಗಿನವರನ್ನು ಬಿಟ್ಟು ಬರುವುದೇ ಲೇಸು. ಹತ್ತುವಾಗ ಹೇಗೋ ನಡೆಯುತ್ತಾರೆ, ಇಳಿಯುವಾಗ ಹೆಗಲೇರುತ್ತಾರೆ. ಆ ಭಾರಕ್ಕೇ ದೊಡ್ಡವರು ಜಾರಿ ಬೀಳುವುದು.

ಮೇಲೆ ಮೊದಲು ಕಣ್ಣಿಗೆ ಬೀಳುವ ಚಿಕ್ಕಪುಟ್ಟ ಕಲ್ಲುಗಳನ್ನು ಕಂಡು ‘ಇಷ್ಟೇನಾ’ ಎಂದು ತಿರುಗಬೇಡಿ. ಮುಂದೆ ಹೋದರೆ ಆಳೆತ್ತರ ಮೀರಿದ, ಕೆಲವು ಮೂರು ಮೀಟರಿನವರೆಗಿನ ಕಲ್ಮನೆಗಳು ಸಾಲಾಗಿ ಸಿಗುತ್ತವೆ. ಎಲ್ಲವನ್ನೂ ಓಡೋಡಿ ನೋಡುವ ಬದಲು ಗಟ್ಟಿಯಾಗಿ ನಿಂತಿರುವ ಒಂದೇ ಕಲ್ಮನೆಯ ಮುಂದೆ ಅರ್ಧ ಗಂಟೆ ಕಳೆಯಿರಿ. ಸುತ್ತ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ, ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಮೂರೇ ಗೋಡೆಯವೂ ಇವೆ. ಚಪ್ಪಡಿಗಳ ಬುಡ ನೋಡಲು ಹೇಳಿ. ಇಲ್ಲಿ ಗುಂಡಿ ತೋಡಿ ನಿಲ್ಲಿಸುವಷ್ಟು ಮಣ್ಣಿಲ್ಲ, ಆದ್ದರಿಂದ ಬರೀ ಬಂಡೆಯ ಮೇಲೆ ನಿಲ್ಲಿಸಿ ಬುಡಕ್ಕೆ ಕಲ್ಲು ಒತ್ತಿದ್ದಾರೆ. ಒಂದು ಒತ್ತುಕಲ್ಲು ಕಿತ್ತರೆ ಗೋಡೆಯೇ ವಾಲಬಹುದು. ಒರಗುವುದು, ಒಳಗೆ ನುಸುಳುವುದು, ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಎಲ್ಲಕ್ಕೂ ಅಡ್ಡಿ ಹೇಳಬೇಕಾದುದು ಇದಕ್ಕೇ.

ಒಂದು ಟೇಪು ಒಯ್ದರೆ ಆರೇಳನೇ ಕ್ಲಾಸಿನವರಿಗೆ ಒಳ್ಳೆ ಕೆಲಸ ಸಿಗುತ್ತದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 10 ಸೆಂ.ಮೀ. ದಪ್ಪದ ಚಪ್ಪಡಿ ಎಂದರೆ 0.4 ಘನ ಮೀಟರ್. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಹಾಗಾಗಿ ಇದೊಂದೇ ಚಪ್ಪಡಿ ಒಂದು ಟನ್‌ಗೂ ಹೆಚ್ಚು. ‘ಇದನ್ನು ಎಲ್ಲಿಂದ ತಂದರು?’ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಆಗ ಕೆರೆಯ ಅಂಚಿಗೆ ಕರೆದೊಯ್ಯಿರಿ: ಕಲ್ಲು ತೆಗೆದ ಜಾಗ ಅಲ್ಲೇ ಇದೆ, ಬಂಡೆ ಪದರಪದರವಾಗಿ ಏಳುವುದೂ ಕಾಣುತ್ತದೆ.

‘ಇದರೊಳಗೆ ಯಾರಿದ್ದರು?’ ಎಂದು ಕೇಳದ ಮಗುವಿಲ್ಲ. ಮೂರಡಿ ಎತ್ತರದ ಮೋರ್ಯರು ವಾಸವಿದ್ದರು ಎಂಬುದು ಜನರ ಕತೆ, ಅದನ್ನೂ ಹೇಳಿ. ಆಮೇಲೆ, ಇವು ಬದುಕಿದ್ದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು ಎಂದು ತಿಳಿಸಿ. ಹಲವು ಕಲ್ಮನೆಗಳನ್ನು ಬೀಳಿಸಿದ್ದು ನಿಧಿ ಹುಡುಕಿದವರು. ಅಗೆದ ಗುಂಡಿಗಳಿರುವೆಡೆ ಸಣ್ಣವರ ಕೈ ಹಿಡಿದುಕೊಳ್ಳಿ.

ಬಂಡೆಯೊಂದರ ಮೇಲೆ ಕೂತಿರುವ ನಗಾರಿ ಕಲ್ಲು ಸುಮಾರು ಎರಡು ಮೀಟರ್ ಅಗಲದ ಅರ್ಧಗೋಳ. ಕಲ್ಲಿನಿಂದ ಬಡಿದರೆ ದನಿ ದೂರಕ್ಕೆ ಹೋಗುತ್ತದೆ. ಮಕ್ಕಳನ್ನು ಅಲ್ಲಿಗೆ ಹತ್ತಿಸಬೇಡಿ, ಕೆಳಗಿನಿಂದಲೇ ನೋಡಿದರೆ ಸಾಕು. ಬಡಿದು ಬಡಿದು ಕಲ್ಲೂ ಸವೆಯುತ್ತದೆ. ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಮಾಸಿವೆ ಎಂದು ನೀರು ಎರಚುವವರುಂಟು. ಅದರಿಂದ ಬಣ್ಣ ಇನ್ನೂ ಬೇಗ ಹೋಗುತ್ತದೆ. ಫೋಟೊ ತೆಗೆದು ಫೋನಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿ, ಗೆರೆ ಎದ್ದು ಕಾಣುತ್ತದೆ.

ಇಳಿಯುವಾಗ ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಮಕ್ಕಳು. ಓಡಲು ಬಿಡಬೇಡಿ. ಅರ್ಧ ಲೀಟರ್ ನೀರು ಇಳಿಯುವ ದಾರಿಗೆಂದೇ ತೆಗೆದಿಟ್ಟುಕೊಳ್ಳಿ. ಮಕ್ಕಳಿಗೆ ರುಚಿ ಹತ್ತಿದರೆ ಇನ್ನೊಂದು ದಿನ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಈ ಕಲ್ಮನೆ ಕಟ್ಟಿದವರಿಗಿಂತ ಮೊದಲು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ದನ ಸಾಕಿ, ಕಲ್ಲುಕೊಡಲಿ ಮಾಡುತ್ತಿದ್ದ ನವಶಿಲಾಯುಗದವರ ಕತೆ ಅಲ್ಲಿ ಸಿಗುತ್ತದೆ, ಅದೂ ನೆರಳಿನಲ್ಲಿ.